ಸ್ವಾರ್ಥದ ಕಥೆಯೋ, ಸಹಕಾರದ ಕಥೆಯೋ?

ದಾವಣಗೆರೆಯ ನಮ್ಮ ಮನೆಯಲ್ಲಿ ಭಾನುವಾರ ಸಂಜೆ ಮಂಡಕ್ಕಿ-ಮಿರ್ಚಿ ಮುಂದಿಟ್ಟುಕೊಂಡು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ, ದಾಳ ಉರುಳಿಸುತ್ತಾ ಕಥೆ ಕಟ್ಟುವ ಆಟ) ಆಡಲು ಕೂರುವ ಹೊಸಬರು ಈ ಪ್ರಶ್ನೆಯನ್ನು ಕೇಳುತ್ತಲೇ ಇರುತ್ತಾರೆ: ಪಾತ್ರಗಳು ತಮ್ಮ ಲಾಭವನ್ನಷ್ಟೇ ನೋಡಿಕೊಳ್ಳಬೇಕೋ, ಒಬ್ಬರಿಗೊಬ್ಬರು ನೆರವಾಗಬೇಕೋ? 1974ರಲ್ಲಿ ಪ್ರಕಟವಾದ ಈ ಆಟದ ರಚನೆಯೇ ಸಹಕಾರವನ್ನು ಬೇಡುತ್ತದೆ: ಯೋಧ ಪೆಟ್ಟು ತಡೆಯುತ್ತಾನೆ, ಪುರೋಹಿತ ಗಾಯ ಮಾಯಿಸುತ್ತಾನೆ, ಕಳ್ಳ ಬೀಗ ತೆಗೆಯುತ್ತಾನೆ. ಕಳೆದ ಮಳೆಗಾಲದಲ್ಲಿ, ಆಟದ ಕಥೆ ನಡೆಸುವ ನಾನು ಚಿತ್ರದುರ್ಗದ ಏಳುಸುತ್ತಿನ ಕೋಟೆಯನ್ನು ಹೋಲುವ ಕೋಟೆಯೊಂದನ್ನು ಕಥೆಗೆ ತಂದಾಗ, ಕಳ್ಳನ ಪಾತ್ರದವನು ಮೂರನೆಯ ಸುತ್ತಿನಲ್ಲಿ ಸಿಕ್ಕ ಹೊನ್ನನ್ನು ಬಚ್ಚಿಟ್ಟು, ಅದನ್ನು ಮಡಿಸಿದ ಚೀಟಿಯೊಂದರಲ್ಲಿ ನನಗೊಬ್ಬನಿಗೇ ತಿಳಿಸಿದ. ಆ ಚೀಟಿಯಿಂದ ಎರಡು ವಾರ ಕಥೆಗೆ ಬಿಗಿ ಬಂದಿತು, ಗುಟ್ಟು ರಟ್ಟಾದ ಮೂರನೆಯ ವಾರ ಇಬ್ಬರು ಆಟಕ್ಕೇ ಬರಲಿಲ್ಲ.

ಸ್ವಾರ್ಥದ ದಾರಿಯನ್ನು ನೋಡಲೇಬೇಕೆಂದರೆ ಕಂಪ್ಯೂಟರ್ ಆಟವೇ ಮೇಲು. ಅಲ್ಲಿ ಮುನಿಸಿಕೊಳ್ಳುವವರು ಪಾತ್ರಗಳಷ್ಟೇ. 2023ರ ಬಾಲ್ಡರ್ಸ್ ಗೇಟ್ 3ರಲ್ಲಿ ಗಾಬ್ಲಿನ್‌ಗಳೆಂಬ ಕುಳ್ಳ ದುಷ್ಟಜೀವಿಗಳ ಜೊತೆ ಸೇರಿ ನಿರಾಶ್ರಿತರಿರುವ ತೋಪಿನ ಮೇಲೆ ದಾಳಿ ಮಾಡಿದರೆ ವಿಲ್ ಮತ್ತು ಕಾರ್ಲ್ಯಾಕ್ ಎಂಬ ಜೊತೆಗಾರ ಪಾತ್ರಗಳು ತಂಡವನ್ನು ತೊರೆಯುತ್ತವೆ, ಅವುಗಳ ಕಥೆಗಳೂ ಅವುಗಳೊಂದಿಗೇ ಹೋಗುತ್ತವೆ. ಹಾಗಾಗಿ ಈ ದಾರಿ ನನಗೆ ಸ್ವಲ್ಪ ಬರಡೆನಿಸಿತು. 2015ರ ಅಂಡರ್‌ಟೇಲ್ ಎಂಬ ಕಂಪ್ಯೂಟರ್ ಆಟ ಇದಕ್ಕೆ ತದ್ವಿರುದ್ಧ: ಯಾರನ್ನೂ ಕೊಲ್ಲದೆಯೇ ಅದನ್ನು ಮುಗಿಸಬಹುದು.

ಮೊದಲ ಸಲ ಆಡುವ ಗುಂಪಾದರೆ ಸಹಕಾರದ ಕಥೆಯನ್ನೇ ಆರಿಸಿ. ಹಳಬರಾದರೆ, ಯಾರು ಯಾರಿಂದ ಏನನ್ನು ಮುಚ್ಚಿಡಬಹುದು ಎಂಬುದನ್ನು ದಾಳ ಉರುಳಿಸುವ ಮೊದಲೇ ಮಾತಾಡಿಕೊಳ್ಳಿ.