ಹಾರ್ಡ್‌ಟಾಪ್ ಒಬ್ಬರೇ ಇಳಿಸಬಹುದೇ? ಕೈವಿಂಚಿನ ಹಾಯಿಸ್ಟ್ ಬಳಸಿದ ಎರಡು ವರ್ಷದ ಅನುಭವ

ನಾಲ್ಕು ಬಾಗಿಲಿನ ಜೀಪ್ ರ‍್ಯಾಂಗ್ಲರ್‌ನ ಹಾರ್ಡ್‌ಟಾಪ್ (ಬಿಚ್ಚಿ ತೆಗೆಯಬಹುದಾದ ಗಟ್ಟಿ ಚಾವಣಿ) 60 ಕೆಜಿಗೂ ಹೆಚ್ಚು ತೂಗುತ್ತದೆ, ಮತ್ತು ಅದನ್ನು ಎತ್ತಲು ಮೂಲೆಗೊಬ್ಬರಂತೆ ನಾಲ್ವರು ವಯಸ್ಕರು ಬೇಕೆಂದು ಗಾಡಿಯ ಕೈಪಿಡಿಯೇ ಎಚ್ಚರಿಸುತ್ತದೆ. ತೂಕವೊಂದೇ ತೊಂದರೆಯಾಗಿದ್ದರೆ ಇಬ್ಬರು ಗಟ್ಟಿಗರು ಸಾಕಾಗುತ್ತಿತ್ತು. ಆದರೆ ಎರಡೂ ಪಕ್ಕದ ಗಾಜು, ಹಿಂಬದಿಯ ಗಾಜು, ಅದರ ವೈಪರ್ ಎಲ್ಲ ಸೇರಿದ ಈ ಫೈಬರ್‌ಗ್ಲಾಸ್ ಚಿಪ್ಪಿಗೆ ಹಿಡಿಯಲು ಸರಿಯಾದ ಜಾಗವೇ ಇಲ್ಲ, ಒಂದು ಮೂಲೆ ಮುಂದಾಗಿ ಎದ್ದರೆ ಎದುರು ಮೂಲೆ ಬಾಡಿಯ ಬಣ್ಣವನ್ನು ಕೆರೆಯುತ್ತದೆ. ನಾನಿರುವ ಮಿಶಿಗನ್‌ನಲ್ಲಿ ನವೆಂಬರಿನಿಂದ ಏಪ್ರಿಲ್‌ವರೆಗೆ ಹಾರ್ಡ್‌ಟಾಪ್ ಇಲ್ಲದೆ ಗಾಡಿ ಓಡಿಸುವ ಮಾತಿಲ್ಲ, ಬೇಸಿಗೆ ಬಂದ ಮೇಲೆ ಅದನ್ನು ತೆಗೆಯದಿದ್ದರೆ ಈ ಗಾಡಿ ಕೊಂಡದ್ದಕ್ಕೆ ಅರ್ಥವಿಲ್ಲ. ಮೊದಲ ಎರಡು ವರ್ಷ ಕನ್ನಡ ಕೂಟದ ಗೆಳೆಯರು ಬಂದು ಕೈಜೋಡಿಸಿದರು. ವರ್ಷಕ್ಕೆ ಎರಡು ಬಾರಿ, ಅದೂ ಹವಾಮಾನ ನೋಡಿಕೊಂಡು, ಮೂವರ ಶನಿವಾರವನ್ನು ಕೇಳುವುದು ಸರಿಯೆನಿಸದೆ ಮೂರನೆಯ ವರ್ಷ ಗ್ಯಾರೇಜಿನ ಸೀಲಿಂಗ್‌ಗೆ ಹಾಕುವ, ಭಾರ ಎತ್ತುವ ಹಾಯಿಸ್ಟ್ ಒಂದನ್ನು ತರಿಸಿದೆ.

ಇದು ವಿದ್ಯುತ್ತಿನದಲ್ಲ, ಕೈಯಿಂದ ತಿರುಗಿಸುವಂಥದು. ಸೀಲಿಂಗ್‌ನಿಂದ ಇಳಿಯುವ ನಾಲ್ಕು ಹಗ್ಗಗಳು ರಾಟೆಗಳ ಮೇಲೆ ಹಾದು ಗೋಡೆಯಲ್ಲಿರುವ, ಹಗ್ಗ ಸುತ್ತುವ ಒಂದೇ ವಿಂಚಿಗೆ ಬಂದು ಸೇರುತ್ತವೆ. ಹಗ್ಗಗಳ ತುದಿಯ ಕೊಕ್ಕೆಗಳಿಗೆ ಎರಡು ಅಗಲವಾದ ಪಟ್ಟಿಗಳು, ಪಟ್ಟಿಗಳ ಮೇಲೆ ಹಾರ್ಡ್‌ಟಾಪ್. ತಯಾರಕರು ಹೇಳುವ ಸಾಮರ್ಥ್ಯ 200 ಪೌಂಡ್, ಎಂದರೆ ಸುಮಾರು 90 ಕೆಜಿ. ಇದೇ ವಿನ್ಯಾಸವನ್ನು ಹಲವು ಕಂಪನಿಗಳು ಮಾರುವುದರಿಂದ ಕೊಳ್ಳುವವರು ಹೆಸರಿಗಿಂತ ಹೆಚ್ಚಾಗಿ ವಿಂಚಿನ ಒಳಗೇನಿದೆ ಎಂಬುದನ್ನು ನೋಡಬೇಕು. ನನ್ನದರಲ್ಲಿರುವುದು ವರ್ಮ್ ಗೇರ್, ಎಂದರೆ ತಿರುಪಿನಂಥ ದಂಡವೊಂದು ಹಲ್ಲಿನ ಚಕ್ರವನ್ನು ತಿರುಗಿಸುವಂಥದು. ಹಿಡಿಯನ್ನು ತಿರುಗಿಸಿದರೆ ಭಾರ ಏರುತ್ತದೆ, ಕೈಬಿಟ್ಟರೆ ಭಾರ ಹಿಡಿಯನ್ನು ಹಿಂದಕ್ಕೆ ತಿರುಗಿಸಲಾರದೆ ಇದ್ದಲ್ಲೇ ನಿಲ್ಲುತ್ತದೆ. ಹಲ್ಲು ಮತ್ತು ಕೀಲಿಯ ಸಾದಾ ವಿಂಚಿನಲ್ಲಿ ಇಳಿಸುವಾಗ ಕೀಲಿಯನ್ನು ಬಿಡಿಸಲೇಬೇಕು, ಆ ಗಳಿಗೆಯಲ್ಲಿ ಇಡೀ ಭಾರ ನಮ್ಮ ಮುಂಗೈ ಮೇಲಿರುತ್ತದೆ. ಬಾವಿಯ ರಾಟೆಯಲ್ಲಿ ತುಂಬಿದ ಕೊಡ ಕೈಜಾರಿದ್ದನ್ನು ಕಂಡವರಿಗೆ ಈ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಿಲ್ಲ. ವರ್ಮ್ ಗೇರಿನಲ್ಲಿ ಸುತ್ತುಗಳು ಹೆಚ್ಚು, ತೋಳು ಸೋಲುತ್ತದೆ, ಆದರೂ ಒಬ್ಬರೇ ಕೆಲಸ ಮಾಡುವ ಕಡೆ ನಾನು ಬೇರೆ ಯಾವುದನ್ನೂ ಒಪ್ಪುವುದಿಲ್ಲ.

ಪೆಟ್ಟಿಗೆಯಲ್ಲಿ ಬಂದ ಎರಡು ವಸ್ತುಗಳು ಮಾತ್ರ ಈ ಕೆಲಸಕ್ಕೆ ತಕ್ಕವಲ್ಲ. ಮೊದಲನೆಯದು ಸ್ಕ್ರೂಗಳು. ಸೀಲಿಂಗ್‌ನ ಜಿಪ್ಸಂ ಹಲಗೆಯನ್ನು ದಾಟಿದ ಮೇಲೆ ಮರದೊಳಗೆ ಅವು ಒಂದು ಇಂಚಿನಷ್ಟು ಮಾತ್ರ ಇಳಿಯುತ್ತಿದ್ದವು, ತಲೆಯ ಮೇಲೆ ತೂಗುವ ಭಾರಕ್ಕೆ ಅಷ್ಟು ಹಿಡಿತ ಏನೇನೂ ಸಾಲದು. ಎರಡನೆಯದು ನೈಲಾನ್ ಹಗ್ಗ. ರಾತ್ರಿ ಸಮಮಟ್ಟದಲ್ಲಿ ನಿಲ್ಲಿಸಿದ್ದ ಹಾರ್ಡ್‌ಟಾಪ್ ಬೆಳಗ್ಗೆ ನೋಡುವಾಗ ಹಿಂಬದಿಯಲ್ಲಿ ಒಂದು ಇಂಚು ಇಳಿದಿತ್ತು. ಗಾಜು ಮತ್ತು ವೈಪರಿನಿಂದಾಗಿ ಹಿಂಭಾಗವೇ ಹೆಚ್ಚು ಭಾರ, ನೈಲಾನ್ ಭಾರಕ್ಕೆ ಹಿಗ್ಗುವ ಗುಣದ್ದು. ಹಿಗ್ಗುವುದು ಕಡಿಮೆಯಿರುವ ಪಾಲಿಯೆಸ್ಟರ್ ಹಗ್ಗ ತಂದು ಬದಲಿಸಿದ ಮೇಲೆ ಆ ಇಳಿತ ನಿಂತಿತು.

ಇನ್ನು ಸೀಲಿಂಗ್. ಜೊತೆಗೆ ಬಂದ ಚಿತ್ರದಲ್ಲಿ ದಪ್ಪ ತೊಲೆಗಳಿಗೆ ರಾಟೆಯನ್ನು ನೇರವಾಗಿ ಬಿಗಿಯುವುದನ್ನು ತೋರಿಸಿದ್ದಾರೆ, ಆದರೆ ನಮ್ಮ ಗ್ಯಾರೇಜಿನ ಮೇಲೆ ಇರುವುದು ಎರಡೆರಡು ಅಡಿಗೆ ಒಂದರಂತೆ ಜೋಡಿಸಿದ, ತೆಳುವಾದ ಮರದ ತ್ರಿಕೋನ ಚೌಕಟ್ಟುಗಳಾದ ಟ್ರಸ್‌ಗಳು. ಟ್ರಸ್‌ನ ಕೆಳಗಿನ ಪಟ್ಟಿ ಇರುವುದು ಚಾವಣಿಯ ತ್ರಿಕೋನವನ್ನು ಬಿಗಿಯಾಗಿ ಹಿಡಿದಿಡಲು, ಅದರ ನಡುಮಧ್ಯದಲ್ಲಿ ಭಾರ ತೂಗುಹಾಕುವುದನ್ನು ಲೆಕ್ಕಕ್ಕೆ ತೆಗೆದುಕೊಂಡಿರುವುದಿಲ್ಲ. ಹಾಗಾಗಿ ಮೊದಲು ಮನೆಯ ರಚನೆ ಬಲ್ಲ ಒಬ್ಬರಿಗೆ ತೋರಿಸಿ, ಅವರು ಹೇಳಿದಂತೆ ಎರಡು ಉದ್ದನೆಯ ಮರದ ಪಟ್ಟಿಗಳನ್ನು ನಾಲ್ಕು ಟ್ರಸ್‌ಗಳಿಗೆ ಅಡ್ಡಲಾಗಿ ಬಿಗಿಸಿ, ರಾಟೆಗಳನ್ನು ಆ ಪಟ್ಟಿಗಳಿಗೆ ಹಾಕಿದೆ. ಒಂದು ಇಡೀ ದಿನ ಹಿಡಿಯಿತು. ಹಾಯಿಸ್ಟ್‌ಗೆ ಕೊಟ್ಟ ಹಣಕ್ಕಿಂತ ಈ ಒಂದು ದಿನದ ಕೆಲಸವೇ ನನ್ನ ನೆಮ್ಮದಿಗೆ ಕಾರಣ ಎಂದು ಮನಸಾರೆ ಹೇಳುತ್ತೇನೆ.

ಅಳತೆಯ ವಿಷಯದಲ್ಲಿ ಅವಸರ ಸಲ್ಲದು. ರ‍್ಯಾಂಗ್ಲರಿನ ಎತ್ತರ ಸುಮಾರು 74 ಇಂಚು, ನಮ್ಮ ಸೀಲಿಂಗ್ 9 ಅಡಿ, ನಡುವೆ ಉಳಿಯುವುದು 34 ಇಂಚು. ರಾಟೆ, ಕೊಕ್ಕೆ, ಪಟ್ಟಿಗಳ ಮಡಿಕೆಗೆ ಒಂದು ಅಡಿಗೂ ಹೆಚ್ಚು ಹೋಗಿ, ಹಾರ್ಡ್‌ಟಾಪನ್ನು ನಿಜವಾಗಿ ಮೇಲೆತ್ತಲು ಸಿಗುವುದು 20 ಇಂಚು ಮಾತ್ರ. ಗಾಡಿಯೊಳಗಿನ ರೋಲ್ ಬಾರ್ (ಗಾಡಿ ಉರುಳಿದರೆ ಒಳಗಿನವರನ್ನು ಕಾಯುವ ಕಂಬಿಗಳ ಚೌಕಟ್ಟು) ಹೆಚ್ಚುಕಡಿಮೆ ಹಾರ್ಡ್‌ಟಾಪಿನ ಚಾವಣಿಯವರೆಗೂ ಇರುವುದರಿಂದ ಅದರ ಮೇಲಿಂದ ಚಿಪ್ಪನ್ನು ಪೂರ್ತಿ ಪಾರುಮಾಡಲು ಇಷ್ಟು ಎತ್ತರ ಸಾಲುವುದಿಲ್ಲ. ಇದಕ್ಕೆ ಪರಿಹಾರ ಗಾಡಿಯನ್ನು ಗ್ಯಾರೇಜಿಗೆ ಹಿಮ್ಮುಖವಾಗಿ ತರುವುದು. ಮುಂದಿನ ಸೀಟುಗಳ ಮೇಲಿರುವ, ಬೇರೆಯಾಗಿ ಬಿಚ್ಚಬಹುದಾದ ಎರಡು ಫಲಕಗಳನ್ನು ತೆಗೆದ ಮೇಲೆ ಚಿಪ್ಪಿನ ಮುಂಭಾಗ ತೆರೆದಿರುತ್ತದೆ. ಹಿಂಬಾಗಿಲಿನ ಸ್ಟೆಪ್ನಿಗೆ ಗಾಜು ತಗಲದಷ್ಟು, ಎಂದರೆ ಒಂದು ಅಡಿಗೆ ತುಸು ಮೇಲೆ ಎತ್ತಿದರೆ ಸಾಕು, ಗಾಡಿ ಮುಂದಕ್ಕೆ ಚಲಿಸುವಾಗ ರೋಲ್ ಬಾರ್ ಆ ತೆರೆದ ಬಾಯಿಂದ ಹೊರಬರುತ್ತದೆ. ಮೂತಿ ಒಳಗಾಗಿ ನಿಲ್ಲಿಸಿದ್ದವರು ಹಿಂದಕ್ಕೆ ತೆಗೆದರೆ ರೋಲ್ ಬಾರ್ ನೇರವಾಗಿ ಹಿಂಗಾಜಿಗೆ ಹೊಡೆಯುತ್ತದೆ. ಇಷ್ಟು ಮುಖ್ಯವಾದ ಮಾತು ಹಾಯಿಸ್ಟಿನ ಸೂಚನಾ ಹಾಳೆಯಲ್ಲಿ ಇಲ್ಲದಿರುವುದು ದೊಡ್ಡ ಕೊರತೆ. ಗ್ಯಾರೇಜಿನ ಬಾಗಿಲನ್ನು ಎತ್ತುವ ಮೋಟಾರಿನ ಕಂಬಿ ಸೀಲಿಂಗ್‌ನ ನಡುವೆ ಹಾದುಹೋಗಿರುವವರು ಹಾಯಿಸ್ಟ್‌ಗೆ ಮೊದಲು ಆ ಕಂಬಿಯ ಗತಿಯೇನೆಂದು ಯೋಚಿಸಬೇಕು. ನಾನು ಅದನ್ನು ತೆಗೆಸಿ ಪಕ್ಕದ ಗೋಡೆಗೆ ಕೂರುವ ಮೋಟಾರ್ ಹಾಕಿಸಿದೆ.

ಕಳಚುವ ಕೆಲಸ ನಿಧಾನವಾಗಿ ಮಾಡಿದರೂ ಈಗ 45 ನಿಮಿಷದಲ್ಲಿ ಮುಗಿಯುತ್ತದೆ. ಚಳಿಗಾಲದ ರಸ್ತೆಯ ಉಪ್ಪು ರಬ್ಬರ್ ಅಂಚುಗಳಲ್ಲಿ ಕೂತಿರುವುದರಿಂದ ಮೊದಲು ಗಾಡಿಯನ್ನು ತೊಳೆದು ಒಣಗಿಸುತ್ತೇನೆ. ಮುಂದಿನ ಫಲಕಗಳು ಒಬ್ಬರ ಕೈಗೆ ಆರಾಮಾಗಿ ಬರುತ್ತವೆ. 2018ರಿಂದ ಬಂದ ಪೀಳಿಗೆಯ ನಾಲ್ಕು ಬಾಗಿಲಿನ ಗಾಡಿಯಲ್ಲಿ ಉಳಿದ ಭಾಗವನ್ನು ಹಿಡಿದಿರುವುದು ತಲೆಯಲ್ಲಿ ನಕ್ಷತ್ರಾಕಾರದ ಗುಳಿಯಿರುವ ಎಂಟು ಟಾರ್ಕ್ಸ್ ಬೋಲ್ಟ್‌ಗಳು, ಮುಂಬಾಗಿಲ ಹಿಂದಿನ ಕಂಬಗಳ ಮೇಲ್ಭಾಗದಲ್ಲಿ ಎರಡು, ಒಳಗೆ ಪಕ್ಕಗಳುದ್ದಕ್ಕೂ ಆರು. ಅವಕ್ಕೆ ಬೇಕಾದ 50ನೇ ಸಂಖ್ಯೆಯ ಬಿಟ್ ಗಾಡಿಯ ಜೊತೆಯಲ್ಲೇ ಬರುತ್ತದೆ. ನಂತರ ಹಿಂಬದಿಯ ಎಡ ಮೂಲೆಯಲ್ಲಿರುವ ವೈಪರ್ ಮತ್ತು ಗಾಜಿನ ಮಂಜು ತೆಗೆಯುವ ಡಿಫಾಗರಿನ ವಯರ್, ಗಾಜಿಗೆ ನೀರು ಚಿಮ್ಮಿಸುವ ಪೈಪು, ಇವೆರಡನ್ನೂ ಬಿಡಿಸಿ ಹಿಂಬಾಗಿಲನ್ನು ಪೂರ್ತಿ ತೆರೆದಿಡಬೇಕು. ಚಿಪ್ಪು ಬಾಡಿಯಿಂದ ಬಿಟ್ಟು ಮೂರು ಇಂಚು ಏರುವವರೆಗಿನ ಹೊತ್ತೇ ಅತಿ ಸೂಕ್ಷ್ಮವಾದದ್ದು, ಏಕೆಂದರೆ ಕೈ ಗೋಡೆಯ ವಿಂಚಿನ ಮೇಲಿರುತ್ತದೆ, ಅಲ್ಲಿಂದ ಆಚೆಯ ಹಿಂಬದಿ ಮೂಲೆ ಕಣ್ಣಿಗೆ ಬೀಳುವುದಿಲ್ಲ. ಮೊದಲ ಸಲ ಆ ಮೂಲೆಯ ರಬ್ಬರ್ ಅಂಚು ಬಾಡಿಗೆ ಅಂಟಿಕೊಂಡಿದ್ದು ನನಗೆ ಗೊತ್ತಾಗಲಿಲ್ಲ, ಉಳಿದ ಮೂರು ಮೂಲೆಗಳು ಎದ್ದು ಇಡೀ ಚಿಪ್ಪು ಕಿರ್ರೆಂದಿತು. ಆ ಸದ್ದು ಇನ್ನೂ ಕಿವಿಯಲ್ಲಿದೆ. ಅಂದಿನಿಂದ ಎರಡು ಸುತ್ತು ತಿರುಗಿಸುವುದು, ಗಾಡಿಯನ್ನು ಒಂದು ಸುತ್ತು ಬರುವುದು, ಅಂಟಿದ ಅಂಚನ್ನು ಬೆರಳಿನಿಂದ ಬಿಡಿಸುವುದು, ಮತ್ತೆ ಎರಡು ಸುತ್ತು. ಮೂರು ಇಂಚು ದಾಟಿದ ಮೇಲೆ ಭಯವಿಲ್ಲ.

ತಿಂಗಳುಗಟ್ಟಲೆ ಮೇಲಿಡುವಾಗ ವಿಂಚನ್ನೊಂದೇ ನಂಬುವುದು ತಪ್ಪು. ನಾನು ಮರದ ಪಟ್ಟಿಗಳಿಗೆ ಬೇರೆಯಾಗಿ ನಾಲ್ಕು ಸರಪಳಿಗಳನ್ನು ಹಾಕಿ, ಭಾರವನ್ನು ಅವುಗಳಿಗೆ ವರ್ಗಾಯಿಸಿ, ಹಗ್ಗವನ್ನು ಸಡಿಲ ಬಿಡುತ್ತೇನೆ. ಮಕ್ಕಳ ಸೈಕಲ್‌ಗಳ ಜಾಗವನ್ನೂ ಎದುರು ಗೋಡೆಗೆ ಬದಲಿಸಿದ್ದೇನೆ. ಮೇಲೊಂದು ಹತ್ತಿಯ ಹೊದಿಕೆ ಸಾಕು, ಪ್ಲಾಸ್ಟಿಕ್ ಹೊದಿಸಿದರೆ ತೇವ ಒಳಗೇ ನಿಲ್ಲುತ್ತದೆ. ನೆಲದ ಮೇಲೆ ರಬ್ಬರ್ ಅಂಚುಗಳ ಮೇಲೇ ಭಾರ ಬಿಟ್ಟು ನಿಲ್ಲಿಸಿದರೆ ಅವು ಚಪ್ಪಟೆಯಾಗಿ ಮುಂದೆ ಮಳೆನೀರು ಒಳಬರುತ್ತದೆ. ತೂಗುಹಾಕುವುದರ ದೊಡ್ಡ ಲಾಭ ಇದೇ.

ಬೆಂಗಳೂರಿನಲ್ಲಿ ರ‍್ಯಾಂಗ್ಲರ್ ಇಟ್ಟುಕೊಂಡಿರುವ ನನ್ನ ಭಾವ ಇದನ್ನು ಕಳಿಸಿಕೊಡು ಎಂದಾಗ ನಾನು ಬೇಡವೆಂದೆ. ಅಪಾರ್ಟ್‌ಮೆಂಟಿನ ನೆಲಮಾಳಿಗೆಯ ಸೀಲಿಂಗ್ ತಗ್ಗು, ಅಲ್ಲಿ ನೀರಿನ ಪೈಪುಗಳು ಹಾದಿರುತ್ತವೆ, ಎಲ್ಲಕ್ಕಿಂತ ಹೆಚ್ಚಾಗಿ ಅದು ಎಲ್ಲರ ಸ್ವತ್ತು, ತೂತು ಕೊರೆಯುವ ಹಕ್ಕು ನಮಗಿಲ್ಲ. ಅಂಥ ಕಡೆ ನಾಲ್ಕು ಜನ ಸೇರಿ ಇಳಿಸಿ ಚಕ್ರದ ಸ್ಟ್ಯಾಂಡಿನ ಮೇಲಿಡುವುದೇ ಸರಿ. 8 ಅಡಿ ಸೀಲಿಂಗ್‌ನ ಗ್ಯಾರೇಜ್ ಇರುವವರಿಗೂ ನನ್ನ ಸಲಹೆ ಅದೇ.

ನವೆಂಬರಿನಲ್ಲಿ ಮತ್ತೆ ಕೂರಿಸುವುದು ಇಳಿಸುವುದಕ್ಕಿಂತ ಕಷ್ಟ, ಏಕೆಂದರೆ ಎಂಟು ಬೋಲ್ಟ್‌ಗಳ ತೂತುಗಳೂ ಒಂದಕ್ಕೊಂದು ನೇರ ಬರಬೇಕು, ತೂಗುವ ಚಿಪ್ಪನ್ನು ಜರುಗಿಸುವುದಕ್ಕಿಂತ ಗಾಡಿಯನ್ನು ಜರುಗಿಸುವುದೇ ಸುಲಭ. ಏಪ್ರಿಲಿನಲ್ಲಿ ಎತ್ತುವ ಮೊದಲೇ ನಾಲ್ಕು ಚಕ್ರಗಳ ಸುತ್ತ ನೆಲಕ್ಕೆ ಹಳದಿ ಟೇಪ್ ಅಂಟಿಸಿಡುತ್ತೇನೆ. ಕಳೆದ ಬಾರಿ ಆ ಗುರುತಿಗೆ ಸರಿಯಾಗಿ ಹಿಂದಕ್ಕೆ ತಂದು ಇಳಿಸಿದಾಗ ಆರು ಬೋಲ್ಟ್‌ಗಳು ಬೆರಳಿನಲ್ಲೇ ತಿರುಗಿ ಒಳಹೋದವು, ಉಳಿದೆರಡಕ್ಕೆ ಅಂಗೈಯಿಂದ ಚಿಪ್ಪನ್ನು ತುಸು ಒತ್ತಬೇಕಾಯಿತು.