ಮೋಟೋಕ್ರಾಸ್ ಕಲಿಯುವವರಿಗೆ ಎಕ್ಸ್‌ಪಲ್ಸ್ 200 4ವಿ ಪ್ರೊ: ಮಣ್ಣಿನ ಟ್ರ್ಯಾಕಿನಲ್ಲಿ ಕಂಡ ಗುಣ, ಮಿತಿ ಮತ್ತು ಹೊಂದಾಣಿಕೆ

ಹೀರೋ ಮೋಟೋಕಾರ್ಪ್ 2023ರಲ್ಲಿ ಎಕ್ಸ್‌ಪಲ್ಸ್ 200 4ವಿ ಬೈಕಿನ ಪ್ರೊ ಮಾದರಿಯನ್ನು ಬಿಡುಗಡೆ ಮಾಡಿದಾಗ ಅದರ ಎಕ್ಸ್ ಶೋರೂಮ್ ಬೆಲೆ ಒಂದೂವರೆ ಲಕ್ಷ ರೂಪಾಯಿಯ ಆಸುಪಾಸಿನಲ್ಲಿತ್ತು. ಇದು ಮೋಟೋಕ್ರಾಸ್, ಅಂದರೆ ತಿರುವು, ದಿಬ್ಬ, ಜಿಗಿತಗಳಿರುವ ಮಣ್ಣಿನ ಟ್ರ್ಯಾಕಿನ ಪಂದ್ಯಕ್ಕೆಂದೇ ಮಾಡಿದ ಬೈಕಲ್ಲ. ಹೆಡ್‌ಲೈಟು, ಇಂಡಿಕೇಟರು, ನಂಬರ್ ಪ್ಲೇಟು ಎಲ್ಲವೂ ಇರುವ, ಆರ್‌ಟಿಒದಲ್ಲಿ ನೋಂದಣಿಯಾಗಿ ರಸ್ತೆಯಲ್ಲಿ ಓಡುವ ಗಾಡಿ. ಆದರೂ ಬೆಂಗಳೂರಿನ ಸುತ್ತಮುತ್ತ ಮಣ್ಣಿನ ಟ್ರ್ಯಾಕಿನಲ್ಲಿ ಓಡಿಸುವುದನ್ನು ಕಲಿಯಲು ಬರುವವರಲ್ಲಿ ಬಹಳ ಮಂದಿಯ ಕೈಯಲ್ಲಿ ಎಕ್ಸ್‌ಪಲ್ಸ್ ಕುಟುಂಬದ ಯಾವುದಾದರೊಂದು ಬೈಕು ಇರುತ್ತದೆ. ಹಾಗಾಗಿ ಪ್ರವಾಸದ ಗಾಡಿಯಾಗಿ ಇದು ಹೇಗಿದೆ ಎಂಬ ವಿಚಾರವನ್ನು ಬದಿಗಿಟ್ಟು, ಮೋಟೋಕ್ರಾಸಿನ ಸವಾರಿ ತಂತ್ರವನ್ನು ಕಲಿಯಲು ಇದು ಎಷ್ಟರಮಟ್ಟಿಗೆ ನೆರವಾಗುತ್ತದೆ ಎಂಬುದನ್ನಷ್ಟೇ ಇಲ್ಲಿ ನೋಡುತ್ತೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದಾದರೆ, ಈ ಬೈಕು ಒಳ್ಳೆಯ ಮೇಷ್ಟ್ರು. ಆದರೆ ಶೋರೂಮಿನಿಂದ ಹೊರಬಂದ ಸ್ಥಿತಿಯಲ್ಲಿ ಅಲ್ಲ, ಸವಾರನ ತೂಕಕ್ಕೂ ಎತ್ತರಕ್ಕೂ ಹೊಂದಿಸಿಕೊಂಡ ಮೇಲೆ ಮಾತ್ರ.

ಸಾಮಾನ್ಯ ಎಕ್ಸ್‌ಪಲ್ಸ್ 200 4ವಿಯಲ್ಲಿ ಮುಂದಿನ ಸಸ್ಪೆನ್ಷನ್ 190 ಮಿ.ಮೀ., ಹಿಂದಿನದು 170 ಮಿ.ಮೀ. ಚಲಿಸುತ್ತದೆ, ಸೀಟಿನ ಎತ್ತರ 825 ಮಿ.ಮೀ. ಪ್ರೊ ಮಾದರಿಯಲ್ಲಿ ಇವು 250, 220 ಮತ್ತು 891 ಮಿ.ಮೀ.ಗೆ ಏರುತ್ತವೆ, ನೆಲದಿಂದ ಎಂಜಿನ್ನಿಗಿರುವ ಅಂತರ 270 ಮಿ.ಮೀ. ಆಗುತ್ತದೆ. ಮುಂದೆ 21 ಇಂಚು, ಹಿಂದೆ 18 ಇಂಚಿನ ಕಡ್ಡಿ ಚಕ್ರಗಳು ಎರಡರಲ್ಲೂ ಇವೆ. ಹ್ಯಾಂಡಲನ್ನು ಎತ್ತರಿಸುವ ರೈಸರುಗಳು ಮತ್ತು ದಪ್ಪ ಬೂಟು ಹಾಕಿದವರಿಗೆ ಅನುಕೂಲವಾಗುವ ಉದ್ದನೆಯ ಗೇರ್ ಲಿವರ್ ಪ್ರೊನಲ್ಲಿ ಕಂಪನಿಯಿಂದಲೇ ಬರುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ, ಮುಂದಿನ ಮತ್ತು ಹಿಂದಿನ ಸಸ್ಪೆನ್ಷನ್ ಎರಡನ್ನೂ ಸವಾರನೇ ಹೊಂದಿಸಿಕೊಳ್ಳಬಹುದು. ಈ ಬೆಲೆಗೆ ಇಂಥ ಸೌಲಭ್ಯ ನಮ್ಮ ಮಾರುಕಟ್ಟೆಯಲ್ಲಿ ಅಪರೂಪ. ಸಾಮಾನ್ಯ ಮಾದರಿಗಿಂತ ಹೆಚ್ಚು ಕೊಟ್ಟ ಏಳೆಂಟು ಸಾವಿರ ರೂಪಾಯಿ ಸಾರ್ಥಕವಾಗುವುದು ಇಲ್ಲಿಯೇ.

ನಿಜವಾದ ಮೋಟೋಕ್ರಾಸ್ ಬೈಕಿನ ಪಕ್ಕದಲ್ಲಿ ನಿಲ್ಲಿಸಿದರೆ ಇದರ ಮಿತಿ ತಕ್ಷಣ ಕಾಣುತ್ತದೆ. ಕಾವಾಸಾಕಿ ಕೆಎಕ್ಸ್250ರಂಥ ಬೈಕಿನ ತೂಕ 110 ಕೆ.ಜಿ.ಯೊಳಗೆ, ಸಸ್ಪೆನ್ಷನ್ ಚಲನೆ 300 ಮಿ.ಮೀ.ಗೂ ಹೆಚ್ಚು, ಶಕ್ತಿ ಇದರ ಎರಡು ಪಟ್ಟಿಗೂ ಮೇಲೆ. ಪ್ರೊ ಸುಮಾರು 160 ಕೆ.ಜಿ. ತೂಗುತ್ತದೆ. 199.6 ಸಿಸಿಯ ಆಯಿಲ್ ಕೂಲ್ಡ್ ಎಂಜಿನ್ ಕೊಡುವುದು 8,500 ಆರ್‌ಪಿಎಂನಲ್ಲಿ ಹತ್ತೊಂಬತ್ತರ ಆಸುಪಾಸಿನ ಬಿಎಚ್‌ಪಿ ಮಾತ್ರ. ಆದರೆ ಕೆಎಕ್ಸ್ ಕೊಳ್ಳಲು ಹಲವು ಪಟ್ಟು ಹಣ ಬೇಕು, ಅದನ್ನು ರಸ್ತೆಯಲ್ಲಿ ಓಡಿಸುವಂತಿಲ್ಲ, ಪ್ರತಿ ಬಾರಿ ಟ್ರ್ಯಾಕಿಗೆ ಒಯ್ಯಲು ಟಾಟಾ ಏಸ್ ಗೊತ್ತುಮಾಡಬೇಕು. ಪ್ರೊವನ್ನು ಬೆಳಿಗ್ಗೆ ಮನೆಯಿಂದಲೇ ಓಡಿಸಿಕೊಂಡು ಹೋಗಿ, ಕನ್ನಡಿ ಬಿಚ್ಚಿಟ್ಟು, ಟೈರಿನ ಗಾಳಿ ಇಳಿಸಿ ಟ್ರ್ಯಾಕಿಗೆ ಇಳಿಸಬಹುದು. ಸಂಬಳದಲ್ಲಿ ಬದುಕುವವರಿಗೆ ಇದು ಸಣ್ಣ ವಿಷಯವಲ್ಲ.

ಹೊಂದಾಣಿಕೆಯ ಕೆಲಸವನ್ನು ಹಿಂದಿನ ಸ್ಪ್ರಿಂಗಿನಿಂದ ಆರಂಭಿಸಬೇಕು. ಸವಾರ ಹತ್ತಿದಾಗ ಬೈಕು ತನ್ನ ಒಟ್ಟು ಚಲನೆಯಲ್ಲಿ ಎಷ್ಟು ಕುಸಿಯುತ್ತದೆ ಎಂಬ ಅಳತೆಗೆ ಸ್ಯಾಗ್ ಎನ್ನುತ್ತಾರೆ. ಇದನ್ನು ಅಳೆಯದೆ ಕಂಪ್ರೆಷನ್ (ಸಸ್ಪೆನ್ಷನ್ ಕುಗ್ಗುವ ವೇಗ), ರೀಬೌಂಡ್ (ಅದು ಮತ್ತೆ ಹಿಗ್ಗುವ ವೇಗ) ತಿರುಪುಗಳಿಗೆ ಕೈ ಹಾಕುವುದು ವ್ಯರ್ಥ. ಬೈಕನ್ನು ಹಿಂದಿನ ಚಕ್ರ ನೆಲ ಬಿಡುವಂತೆ ಸ್ಟ್ಯಾಂಡಿನ ಮೇಲೆ ಎತ್ತಿ, ಹಿಂದಿನ ಆಕ್ಸಲ್‌ನಿಂದ ನೇರ ಮೇಲಕ್ಕೆ ಮಡ್‌ಗಾರ್ಡಿನ ಮೇಲೊಂದು ಗುರುತಿಗೆ ಟೇಪು ಹಿಡಿದು ಅಳೆಯಬೇಕು. ಆಮೇಲೆ ಹೆಲ್ಮೆಟ್ಟು, ಬೂಟು, ಮಂಡಿ ಕವಚ ಎಲ್ಲವನ್ನೂ ತೊಟ್ಟ ಸವಾರ ಪೆಗ್‌ಗಳ (ಪಾದ ಇಡುವ ಕಂಬಿಗಳ) ಮೇಲೆ ನಿಂತು, ಒಂದೆರಡು ಬಾರಿ ಕುಪ್ಪಳಿಸಿ ಸ್ಥಿರವಾದಾಗ ಅದೇ ಎರಡು ಬಿಂದುಗಳ ನಡುವೆ ಮತ್ತೆ ಅಳೆಯಬೇಕು. ಮುಂದಿನಿಂದ ಒಬ್ಬರು ಹ್ಯಾಂಡಲ್ ಹಿಡಿದಿರಬೇಕು, ಹಿಂದೆ ಒಬ್ಬರು ಟೇಪು ಹಿಡಿಯಬೇಕು. ಒಬ್ಬರೇ ಮಾಡುವ ಕೆಲಸವಲ್ಲ. ಎರಡು ಅಳತೆಗಳ ವ್ಯತ್ಯಾಸ ಒಟ್ಟು ಚಲನೆಯ ಮೂರನೆಯ ಒಂದು ಭಾಗಕ್ಕೆ ಹತ್ತಿರವಿರಬೇಕೆಂಬುದು ವಾಡಿಕೆ. ಪ್ರೊನ 220 ಮಿ.ಮೀ.ಗೆ ಅದು 65ರಿಂದ 73 ಮಿ.ಮೀ. ಆಗುತ್ತದೆ. ಹೆಚ್ಚು ಕುಸಿದರೆ ಹಿಂಭಾಗ ಕೂತು ಮುಂದಿನ ಚಕ್ರ ಹಗುರಾಗುತ್ತದೆ, ತಿರುವಿನಲ್ಲಿ ಗಾಡಿ ಹೊರಕ್ಕೆ ಜಾರುತ್ತದೆ. ಕಡಿಮೆಯಾದರೆ ಹಿಂಭಾಗ ಎದ್ದು ನಿಂತು ಬ್ರೇಕ್ ಹಾಕುವ ಜಾಗದಲ್ಲಿ ಹ್ಯಾಂಡಲ್ ಅದುರುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ. ಸವಾರನ ಸ್ಯಾಗ್ ಸರಿಬಂದ ಮೇಲೆ ಸವಾರನಿಲ್ಲದೆ ಗಾಡಿ ತನ್ನ ಭಾರಕ್ಕೇ ಎಷ್ಟು ಕುಸಿಯುತ್ತದೆ ಎಂದೂ ನೋಡಬೇಕು. ಅದು ಬಹುಪಾಲು ಕುಸಿಯದೇ ನಿಂತಿದ್ದರೆ ಸ್ಪ್ರಿಂಗ್ ಗಟ್ಟಿಯಾಗಿದೆ ಎಂದು ಅನೇಕರು ತಿಳಿಯುತ್ತಾರೆ. ವಾಸ್ತವ ಅದಕ್ಕೆ ತದ್ವಿರುದ್ಧ. ಸವಾರನ ತೂಕಕ್ಕೆ ಸ್ಪ್ರಿಂಗ್ ಮೆದುವಾಗಿರುವುದರಿಂದಲೇ ಅದನ್ನು ಪ್ರಿಲೋಡ್ ಹಾಕಿ, ಅಂದರೆ ಮೊದಲೇ ಒತ್ತಿಟ್ಟು, ಅಷ್ಟು ಬಿಗಿಯಬೇಕಾಗಿ ಬಂದಿರುತ್ತದೆ. ಭಾರದ ಮೈಕಟ್ಟಿನ ಸವಾರರು ಪ್ರಿಲೋಡನ್ನು ಕೊನೆಯವರೆಗೆ ತಿರುಗಿಸುವ ಬದಲು ಗಟ್ಟಿ ಸ್ಪ್ರಿಂಗ್ ಹಾಕಿಸುವುದೇ ಸರಿಯಾದ ದಾರಿ. ಈ ವಿಷಯವನ್ನು ಗ್ಯಾರೇಜಿನವರಿಗೆ ವಿವರಿಸುವುದೇ ಒಂದು ಸಾಹಸ. ನಗರದ ಒಂದು ಗ್ಯಾರೇಜಿನಲ್ಲಿ ಟೇಪನ್ನೇ ಕೈಗೆತ್ತಿಕೊಳ್ಳದೆ, ಸೀಟನ್ನು ಅಂಗೈಯಿಂದ ಎರಡು ಸಲ ಒತ್ತಿ ನೋಡಿ, ‘ಸೆಟ್ಟಿಂಗ್ ಮಾಡಿದ್ದೀವಿ ಸಾರ್’ ಎಂದು ಬಿಲ್ ಕೊಟ್ಟರು.

ರೀಬೌಂಡ್ ಮತ್ತು ಕಂಪ್ರೆಷನ್ ವಿಚಾರದಲ್ಲಿ ತಾಳ್ಮೆಯೊಂದೇ ಮದ್ದು. ತಿರುಪನ್ನು ಪೂರ್ತಿ ಬಿಗಿದು, ಅಲ್ಲಿಂದ ಈಗಿನ ಸ್ಥಾನ ಎಷ್ಟು ಹೊರಗಿದೆ ಎಂದು ಎಣಿಸಿ ಬರೆದಿಟ್ಟುಕೊಳ್ಳಬೇಕು. ಒಮ್ಮೆಗೆ ಒಂದೇ ಕಡೆ, ಸ್ವಲ್ಪವೇ ಬದಲಿಸಿ, ಅದೇ ಸುತ್ತನ್ನು ಮತ್ತೆ ಓಡಿಸಿ ನೋಡಬೇಕು. ಸಾಲು ಉಬ್ಬುಗಳ ಮೇಲೆ ಮೊದಲೆರಡು ಹಿತವಾಗಿದ್ದು ಆಮೇಲೆ ಗಾಡಿ ಕುಗ್ಗುತ್ತಾ ಗಟ್ಟಿಯಾದಂತೆ ಅನ್ನಿಸಿದರೆ ರೀಬೌಂಡ್ ನಿಧಾನವಾಗಿದೆ, ಶಾಕ್ ಅಬ್ಸಾರ್ಬರ್ ಹಿಂದಿರುಗುವ ಮೊದಲೇ ಮುಂದಿನ ಉಬ್ಬು ಬಂದುಬಿಟ್ಟಿದೆ ಎಂದರ್ಥ. ಹಿಂಭಾಗ ಸವಾರನನ್ನು ಮೇಲಕ್ಕೆ ಒದೆಯುತ್ತಿದ್ದರೆ ರೀಬೌಂಡ್ ವೇಗವಾಗಿದೆ. ನಮ್ಮ ಕಡೆಯ ಕೆಂಪು ಮಣ್ಣು ಬೇಸಿಗೆಯಲ್ಲಿ ಸಿಮೆಂಟಿನಷ್ಟು ಗಟ್ಟಿಯಾಗಿ ಮೇಲೆ ಪುಡಿ ಜಲ್ಲಿ ನಿಂತಿರುತ್ತದೆ, ಮಳೆ ಬಿದ್ದ ಮರುದಿನ ಅದೇ ಜಾಗದಲ್ಲಿ ಆಳದ ಗಾಲಿ ಜಾಡು ಮೂಡಿರುತ್ತದೆ. ಹಾಗಾಗಿ ವರ್ಷಪೂರ್ತಿ ಒಂದೇ ಹೊಂದಾಣಿಕೆ ನಡೆಯುವುದಿಲ್ಲ. ಪ್ರೊನಲ್ಲಿ ಈ ವ್ಯತ್ಯಾಸಗಳು ಕೈಗೆ ತಿಳಿಯುವಷ್ಟು ಸ್ಪಷ್ಟವಾಗಿರುವುದು ಕಲಿಯುವವರಿಗೆ ಲಾಭ.

ಹ್ಯಾಂಡಲ್ ಮತ್ತು ಲಿವರುಗಳಿಗೆ ಹೆಚ್ಚು ಸಮಯ ಹಿಡಿಯುವುದಿಲ್ಲ. ಆದರೆ ಅವು ಸರಿಯಿಲ್ಲದಿದ್ದರೆ ಯಾವ ತಂತ್ರವೂ ಮೈಗೆ ಹತ್ತುವುದಿಲ್ಲ. ಮೋಟೋಕ್ರಾಸಿನಲ್ಲಿ ಸವಾರ ಬಹುಪಾಲು ಸಮಯ ನಿಂತೇ ಇರುತ್ತಾನೆ. ರಸ್ತೆಯ ಬೈಕುಗಳಲ್ಲಿ ಲಿವರುಗಳನ್ನು ಕುಳಿತವನ ಅಳತೆಗೆ ಇಟ್ಟಿರುತ್ತಾರೆ. ನಿಂತಾಗ ಮುಂಗೈ ಮತ್ತು ಬೆರಳುಗಳು ಒಂದೇ ಗೆರೆಯಲ್ಲಿ ಬರುವಂತೆ ಲಿವರುಗಳನ್ನು ಕೆಳಕ್ಕೆ ತಿರುಗಿಸಬೇಕು. ಬಿದ್ದಾಗ ಮುರಿಯದೆ ತಿರುಗಿಕೊಳ್ಳುವಷ್ಟು ಮಾತ್ರ ಅವುಗಳ ಕ್ಲಾಂಪನ್ನು ಬಿಗಿಯಬೇಕು. ಹಿಂದಿನ ಬ್ರೇಕ್ ಪೆಡಲನ್ನೂ ನಿಂತ ಭಂಗಿಯಲ್ಲಿಯೇ ಪರೀಕ್ಷಿಸಬೇಕು, ಏಕೆಂದರೆ ಕುಳಿತಾಗ ಸರಿಯೆನಿಸುವ ಪೆಡಲ್ ನಿಂತಾಗ ಬೂಟಿನ ಅಡಿಗೆ ತಾನಾಗಿಯೇ ಒತ್ತಿಕೊಳ್ಳುವುದುಂಟು. ರೈಸರುಗಳು ಇರುವುದರಿಂದ ಸಾಧಾರಣ ಎತ್ತರದವರಿಗೆ ಬೆನ್ನು ಹೆಚ್ಚು ಬಾಗುವುದಿಲ್ಲ. ತೀರಾ ಕುಳ್ಳಗಿರುವವರು ಅವನ್ನು ತೆಗೆದು ನೋಡಬಹುದು.

ಇನ್ನು ಸವಾರಿಯ ಮಾತು. ಶಕ್ತಿ ಕಡಿಮೆ, ತೂಕ ಹೆಚ್ಚು ಎಂಬ ಈ ಬೈಕಿನ ಎರಡು ದೋಷಗಳೇ ಕಲಿಯುವ ಹಂತದಲ್ಲಿ ಗುಣಗಳಾಗುತ್ತವೆ. ಕೆಎಕ್ಸ್‌ನಲ್ಲಿ ತಿರುವನ್ನು ಹಾಳುಮಾಡಿಕೊಂಡು ವೇಗ ಕಳೆದುಕೊಂಡವನು ಆಕ್ಸಿಲರೇಟರ್ ತಿರುಚಿ ಅದನ್ನು ಮರೆಮಾಚಬಹುದು. ಪ್ರೊನಲ್ಲಿ ಅದು ಸಾಧ್ಯವಿಲ್ಲ. ತಿರುವಿನಲ್ಲಿ ಕಳೆದುಹೋದ ವೇಗ ಮುಂದಿನ ನೇರ ದಾರಿಯ ಅರ್ಧದವರೆಗೂ ಹಿಂದಿರುಗುವುದಿಲ್ಲ. ಆದ್ದರಿಂದ ಬ್ರೇಕನ್ನು ಎಲ್ಲಿ ಬಿಡಬೇಕು, ಆಕ್ಸಿಲರೇಟರನ್ನು ಎಲ್ಲಿ ಹಿಡಿಯಬೇಕು ಎಂಬುದನ್ನು ಸವಾರ ಅನಿವಾರ್ಯವಾಗಿ ಕಲಿಯುತ್ತಾನೆ. ನಿಂತಿರುವಾಗಲೇ, ನೇರ ಗೆರೆಯಲ್ಲಿ, ಸೊಂಟವನ್ನು ಹಿಂದಕ್ಕೆ ತಳ್ಳಿ ಎರಡೂ ಬ್ರೇಕುಗಳನ್ನು ಬಳಸಿ ವೇಗ ಇಳಿಸಬೇಕು. ತಿರುವು ಆರಂಭವಾಗುವಲ್ಲಿ ಸೀಟಿನ ಮುಂತುದಿಗೆ, ಟ್ಯಾಂಕಿಗೆ ಒತ್ತಿಕೊಂಡು ಕುಳಿತು, ಒಳಗಿನ ಕಾಲನ್ನು ಮುಂದಿನ ಚಕ್ರದ ಕಡೆಗೆ ಚಾಚಿ, ಹೊರಗಿನ ಪೆಗ್ಗಿನ ಮೇಲೆ ಭಾರ ಹಾಕಿ, ಹೊರಗಿನ ಮೊಣಕೈಯನ್ನು ಎತ್ತಿ ಹಿಡಿಯಬೇಕು. ಮೈ ನೆಟ್ಟಗಿದ್ದು ಗಾಡಿ ಅಡಿಯಲ್ಲಿ ವಾಲುತ್ತದೆ. ರಸ್ತೆಯಲ್ಲಿ ಗಾಡಿಯೊಂದಿಗೆ ತಾವೂ ವಾಲಿ ರೂಢಿಯಾದವರಿಗೆ ಇದು ಆರಂಭದಲ್ಲಿ ತೀರಾ ಅಸಹಜವಾಗಿ ತೋರುತ್ತದೆ. ಕಾಲನ್ನು ಚಾಚುವುದು ನೆಲಕ್ಕೆ ಊರುವುದಕ್ಕಲ್ಲ, ಭಾರವನ್ನು ಮುಂದಿನ ಚಕ್ರಕ್ಕೆ ತರುವುದಕ್ಕೆ, 160 ಕೆ.ಜಿ. ತೂಕದ ಗಾಡಿಯ ಅಡಿಯಲ್ಲಿ ಕಾಲು ಊರಿ ಅದನ್ನು ತಡೆಯಲು ಹೋದರೆ ಮಂಡಿ ತಿರುಚುತ್ತದೆ.

ಬ್ರೇಕಿನ ವಿಷಯದಲ್ಲಿ ಈ ಬೈಕು ಅನುಕೂಲಕರವಾಗಿದೆ. ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಮುಂದಿನ ಚಕ್ರಕ್ಕೆ ಮಾತ್ರ ಇರುವುದರಿಂದ ಹಿಂದಿನ ಚಕ್ರವನ್ನು ಬೇಕಾದಾಗ ಲಾಕ್ ಮಾಡಿ ಗಾಡಿಯ ಬಾಲವನ್ನು ತಿರುಗಿಸಬಹುದು. ರೋಡ್, ಆಫ್‌ರೋಡ್, ರ್‍ಯಾಲಿ ಎಂಬ ಮೂರು ವಿಧಾನಗಳಲ್ಲಿ ಕೊನೆಯದು ಎಬಿಎಸ್ಸನ್ನು ಪೂರ್ತಿ ನಿಲ್ಲಿಸುತ್ತದೆ. ಹೊಸಬರು ಆಫ್‌ರೋಡ್‌ನಲ್ಲಿ ಆರಂಭಿಸಿ, ಮುಂದಿನ ಬ್ರೇಕನ್ನು ಒಂದೇ ಬೆರಳಿನಲ್ಲಿ ಹದವಾಗಿ ಒತ್ತುವುದು ಬಂದ ಮೇಲೆ ರ್‍ಯಾಲಿಗೆ ಹೋಗುವುದು ಒಳ್ಳೆಯದು. ಎರಡು ಬೆರಳು ಸಾಕಾಗದೆ ನಾಲ್ಕು ಬೆರಳಿನಲ್ಲಿ ಲಿವರ್ ಹಿಡಿಯುವ ರಸ್ತೆ ಅಭ್ಯಾಸವನ್ನು ಬಿಡದ ಹೊರತು ಮುಂಗೈ ಬಿಗಿದುಕೊಂಡು ಬೇಗ ಸೋಲುತ್ತದೆ. ಹಿಡಿತ ಇರಬೇಕಾದ್ದು ಮಂಡಿಗಳಲ್ಲಿ.

ಜಿಗಿತಗಳ ಬಗ್ಗೆ ಎಚ್ಚರಿಕೆ ಬೇಕು. ಚಿಕ್ಕ ದಿಬ್ಬಗಳನ್ನು, ಮೇಲೆ ಸಮತಟ್ಟಾಗಿರುವ ಟೇಬಲ್‌ಟಾಪ್‌ಗಳನ್ನು ಪ್ರೊ ಆರಾಮವಾಗಿ ದಾಟುತ್ತದೆ. ದಿಬ್ಬದ ಮುಖವನ್ನು ಏರುವಾಗ ಆಕ್ಸಿಲರೇಟರ್ ಒಂದೇ ಸಮನಾಗಿರಬೇಕು. ತುದಿಯಲ್ಲಿ ಹೆದರಿ ಬಿಟ್ಟರೆ ಮೂತಿ ಕೆಳಗಾಗುತ್ತದೆ. ಗಾಳಿಯಲ್ಲಿದ್ದಾಗ ಮೂತಿ ತೀರಾ ಎದ್ದರೆ ಹಿಂದಿನ ಬ್ರೇಕ್ ಒತ್ತಿದಾಗ ಇಳಿಯುತ್ತದೆ, ಏಕೆಂದರೆ ತಿರುಗುತ್ತಿರುವ ಚಕ್ರ ನಿಂತಾಗ ಆ ತಿರುಗುವಿಕೆ ಇಡೀ ಗಾಡಿಗೆ ವರ್ಗವಾಗುತ್ತದೆ. ಇವೆಲ್ಲವನ್ನೂ ಇದರಲ್ಲಿ ಸಣ್ಣ ಪ್ರಮಾಣದಲ್ಲಿ ಕಲಿಯಬಹುದು. ಆದರೆ ನಡುವೆ ಕಂದಕವಿರುವ ದೊಡ್ಡ ಡಬಲ್ ಜಿಗಿತಗಳು ಈ ತೂಕಕ್ಕೂ ಈ ಫ್ರೇಮಿಗೂ ಹೇಳಿಸಿದ್ದಲ್ಲ. ಅಂಥ ಆಸೆ ಹುಟ್ಟಿದ ದಿನ ಬೈಕು ಬದಲಿಸಬೇಕೇ ಹೊರತು ಸಸ್ಪೆನ್ಷನ್ ಗಟ್ಟಿಮಾಡಿ ಅದೃಷ್ಟ ಪರೀಕ್ಷಿಸಬಾರದು.

ಟೈರಿನ ಗಾಳಿಯನ್ನು ರಸ್ತೆಯ ಮಟ್ಟದಲ್ಲಿಯೇ ಬಿಟ್ಟರೆ ಪುಡಿ ಜಲ್ಲಿಯ ಮೇಲೆ ಹಿಡಿತ ಸಿಗುವುದಿಲ್ಲ. ಹಗುರದ ಮೋಟೋಕ್ರಾಸ್ ಬೈಕುಗಳಲ್ಲಿ 12ರಿಂದ 15 ಪಿಎಸ್‌ಐ ಇಡುತ್ತಾರೆ. ಟ್ಯೂಬು ಇರುವ, ಭಾರದ ಈ ಬೈಕಿಗೆ ಅಷ್ಟು ಇಳಿಸಿದರೆ ಕಲ್ಲಿಗೆ ತಗುಲಿದಾಗ ರಿಮ್ಮಿನ ಅಂಚಿನಲ್ಲಿ ಟ್ಯೂಬ್ ಕಚ್ಚಿ ಪಂಕ್ಚರ್ ಆಗುತ್ತದೆ. 18ರ ಆಸುಪಾಸು ನನಗೆ ಹದವೆನಿಸಿದೆ. ಕಾಲು ಪಂಪನ್ನೂ ಗಾಳಿ ಅಳೆಯುವ ಗೇಜನ್ನೂ ಜೊತೆಯಲ್ಲಿ ಒಯ್ಯದಿದ್ದರೆ ಸಂಜೆ ಹೆದ್ದಾರಿಯಲ್ಲಿ ಹಿಂದಿರುಗುವುದು ಅಪಾಯ.

ಸೀಟಿನ ಎತ್ತರದ ಬಗ್ಗೆ ಹೆಚ್ಚು ಪ್ರಶ್ನೆಗಳು ಬರುತ್ತವೆ. ಐದೂವರೆ ಅಡಿಯವರಿಗೂ ಎರಡೂ ಪಾದ ನೆಲಕ್ಕೆ ಸಿಗುವುದಿಲ್ಲ. ಟ್ರ್ಯಾಕಿನಲ್ಲಿ ಅದು ಸಮಸ್ಯೆಯಲ್ಲ, ಸಿಲ್ಕ್ ಬೋರ್ಡಿನ ಸಿಗ್ನಲ್ಲಿನಲ್ಲಿ ನಿಜವಾದ ಸಮಸ್ಯೆ. ವಾರವೆಲ್ಲ ಆಫೀಸಿಗೆ ಇದರಲ್ಲೇ ಹೋಗಬೇಕಾದವರು, ಮಣ್ಣಿಗೆ ಯಾವಾಗಲಾದರೊಮ್ಮೆ ಇಳಿಯುವವರು ಸಾಮಾನ್ಯ ಮಾದರಿಯನ್ನೇ ತೆಗೆದುಕೊಳ್ಳಲಿ. 2025ರಲ್ಲಿ ಬಂದ ಎಕ್ಸ್‌ಪಲ್ಸ್ 210ರಲ್ಲಿ ಲಿಕ್ವಿಡ್ ಕೂಲಿಂಗ್, ಆರು ಗೇರು, 24.6 ಪಿಎಸ್ ಶಕ್ತಿ ಇವೆ. ಹೆದ್ದಾರಿಗೆ ಅದು ನಿಸ್ಸಂದೇಹವಾಗಿ ಮೇಲು. ಆದರೆ ಅದರ ಸಸ್ಪೆನ್ಷನ್ ಚಲನೆ ಮುಂದೆ 210, ಹಿಂದೆ 205 ಮಿ.ಮೀ. ಮಾತ್ರ. ಟ್ರ್ಯಾಕಿನಲ್ಲಿ ಕಲಿಯುವುದೇ ಮುಖ್ಯ ಉದ್ದೇಶವಾಗಿದ್ದು, ಒಳ್ಳೆಯ ಸ್ಥಿತಿಯಲ್ಲಿರುವ ಪ್ರೊ ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಕ್ಕರೂ ನಾನು ಅದನ್ನೇ ಆರಿಸುತ್ತೇನೆ.

ಎಷ್ಟೇ ಹೊಂದಿಸಿದರೂ ಹೊರಗಿನಿಂದ ನೋಡುವ ಕಣ್ಣೊಂದು ಬೇಕು. ಕೋಲಾರದ ಕಡೆ ಬಿಗ್ ರಾಕ್ ಡರ್ಟ್ ಪಾರ್ಕ್ ಇದೆ. 2015ರಲ್ಲಿ, ಮರುಭೂಮಿಗಳಲ್ಲಿ ಹಲವು ದಿನ ನಡೆಯುವ ಡಾಕಾರ್ ರ್‍ಯಾಲಿಯನ್ನು ಪೂರ್ಣಗೊಳಿಸಿದ ಮೊದಲ ಭಾರತೀಯ, ಬೆಂಗಳೂರಿನ ಸಿ.ಎಸ್. ಸಂತೋಷ್ ಅದನ್ನು ಕಟ್ಟಿದವರು. ಅಂಥ ಜಾಗದಲ್ಲಿ ತರಬೇತುದಾರರ ಎದುರು ಓಡಿಸಿದಾಗ, ಮೊಣಕೈ ಕೆಳಗಿಳಿದದ್ದು, ಕಣ್ಣು ಮುಂದಿನ ಚಕ್ರದ ಮೇಲೇ ನಿಂತದ್ದು ತಕ್ಷಣ ಗೊತ್ತಾಗುತ್ತದೆ. ಎಕ್ಸಾಸ್ಟ್ ಬದಲಿಸಲು ಸುರಿಯುವ ಹಣವನ್ನು ತರಬೇತಿಗೂ ಒಳ್ಳೆಯ ಬೂಟಿಗೂ ಹಾಕುವುದು ಎಷ್ಟೋ ವಾಸಿ.

ಟ್ರ್ಯಾಕಿನಿಂದ ಬಂದ ಮೇಲೆ ಮಾಡಬೇಕಾದ ಕೆಲಸಗಳನ್ನೂ ಬೆಲೆಯ ಲೆಕ್ಕದಲ್ಲಿ ಸೇರಿಸಿಕೊಳ್ಳಬೇಕು. ಏರ್ ಫಿಲ್ಟರ್ ಧೂಳಿನಿಂದ ಬೇಗ ಕಟ್ಟಿಕೊಳ್ಳುತ್ತದೆ. ಕ್ಲಚ್ಚನ್ನು ತಿರುವುಗಳಲ್ಲಿ ಸತತವಾಗಿ ಅರ್ಧ ಹಿಡಿದು ಓಡಿಸುವುದರಿಂದ ಪ್ಲೇಟುಗಳು ರಸ್ತೆಯ ಬೈಕಿಗಿಂತ ಬೇಗ ಸವೆಯುತ್ತವೆ. ಚಕ್ರದ ಕಡ್ಡಿಗಳನ್ನು ಸ್ಪ್ಯಾನರಿನಿಂದ ಒಂದೊಂದಾಗಿ ತಟ್ಟಿ ನೋಡಬೇಕು. ಸಡಿಲವಾದದ್ದು ಮಂಕಾದ ಸದ್ದು ಕೊಟ್ಟು ಸಿಕ್ಕಿಬೀಳುತ್ತದೆ. ನೀರಿನ ಜೆಟ್ಟನ್ನು ಬೇರಿಂಗುಗಳಿಗೂ ಫೋರ್ಕ್ (ಮುಂದಿನ ಸಸ್ಪೆನ್ಷನ್ ಕೊಳವೆ) ಸೀಲುಗಳಿಗೂ ನೇರವಾಗಿ ಹಿಡಿಯಬಾರದು. ಫೋರ್ಕಿನಲ್ಲಿ ಎಣ್ಣೆ ಜಿನುಗತೊಡಗಿದರೆ ಸೀಲ್ ಬದಲಿಸಲು ಓಡುವ ಮೊದಲು, ಮೇಲಿನ ಧೂಳಿನ ಸೀಲನ್ನು ಸರಿಸಿ, ಹಳೆಯ ಕ್ಯಾಮೆರಾ ಫಿಲ್ಮಿನಂಥ ತೆಳುವಾದ ಪಟ್ಟಿಯನ್ನು ಎಣ್ಣೆ ಸೀಲಿನ ಒಳಗೆ ತೂರಿಸಿ ಸುತ್ತಲೂ ಒಮ್ಮೆ ಎಳೆದು ನೋಡಬೇಕು. ಬಹಳ ಸಲ ಸೀಲಿನ ತುಟಿಯಲ್ಲಿ ಸಿಕ್ಕಿಕೊಂಡ ಮಣ್ಣಿನ ಕಣ ಹೊರಬರುತ್ತದೆ, ಸೋರಿಕೆ ಅಲ್ಲಿಗೇ ನಿಲ್ಲುತ್ತದೆ.