24 ಗಂಟೇಲಿ 1600 ಕಿಮೀ ಓಡಿಸೋಕೆ: ಹಿಮಾಲಯನ್ 450ಆ, ಡೋಮಿನಾರ್ 400ಆ, ಇಂಟರ್‌ಸೆಪ್ಟರ್ 650ಆ?

ಸ್ಯಾಡಲ್‌ಸೋರ್ (24 ಗಂಟೇಲಿ 1600 ಕಿಮೀ ಬೈಕ್ ಓಡಿಸೋ ಚಾಲೆಂಜ್) ಥರ ರೈಡ್‌ಗೆ ಈ ಮೂರರಲ್ಲಿ ಯಾವ ಬೈಕ್ ತಗೊಳ್ಳಲಿ ಅಂತ ಕೇಳಿದ್ರಲ್ಲ, ಟಾಪ್ ಸ್ಪೀಡ್ ಮರೆತುಬಿಡಿ, ಮೊದ್ಲು ಟ್ಯಾಂಕ್ ನೋಡಿ. ಹಿಮಾಲಯನ್‌ದು 17 ಲೀಟರ್, ಡೋಮಿನಾರ್ 13, ಇಂಟರ್‌ಸೆಪ್ಟರ್ 13.7. ಲೀಟರ್‌ಗೆ 27 ಕಿಮೀ ಅಂತ ಹಿಡಿದ್ರೆ ಹಿಮಾಲಯನ್ ಒಂದು ಟ್ಯಾಂಕಲ್ಲಿ 400 ದಾಟುತ್ತೆ, ಡೋಮಿನಾರ್‌ಗೆ 300 ಆಗ್ತಿದ್ದಂಗೆ ಬಂಕ್ ಹುಡುಕ್ಬೇಕು, ಮತ್ತೆ ಪ್ರತಿ ಸ್ಟಾಪೂ ಹೆಲ್ಮೆಟ್ ತೆಗೆದು ನೀರು ಕುಡಿದು ಬಿಲ್ ಇಸ್ಕೊಂಡು ಹೊರಡೋ ಹೊತ್ತಿಗೆ ಕಾಲು ಗಂಟೆ ನುಂಗುತ್ತೆ.

ಪಂಕ್ಚರ್ ಇನ್ನೊಂದು ತಲೆನೋವು. ಡೋಮಿನಾರ್‌ದು ಅಲಾಯ್, ಟ್ಯೂಬ್‌ಲೆಸ್, ರಾತ್ರಿ 2 ಗಂಟೇಲೂ ನೀವೇ ಪ್ಲಗ್ ಹಾಕ್ಬಹುದು. ಮಿಕ್ಕೆರಡ್ರಲ್ಲಿ ಟ್ಯೂಬ್ ಇರೋ ಸ್ಪೋಕ್ ವೀಲ್ ಮಾತ್ರ ತಗೋಬೇಡಿ, ಸ್ವಲ್ಪ ದುಡ್ಡು ಜಾಸ್ತಿಯಾದ್ರೂ ಟ್ಯೂಬ್‌ಲೆಸ್ ವೇರಿಯಂಟೇ ತಗೊಳ್ಳಿ.

ಇಂಟರ್‌ಸೆಪ್ಟರ್ ಟ್ವಿನ್ (ಎರಡು ಸಿಲಿಂಡರ್) ಇಂಜಿನ್ 100-110 ಸ್ಪೀಡಲ್ಲಿ ಎಷ್ಟು ಆರಾಮ ಅಂದ್ರೆ ಕೈ ಜೋಮು ಹಿಡಿಯೋದೇ ಕಮ್ಮಿ, ಆದ್ರೆ ವಿಂಡ್‌ಸ್ಕ್ರೀನ್ ಇಲ್ಲ, ಚಿತ್ರದುರ್ಗದ ಹತ್ರ ಗಾಳಿ ಎದೆಗೇ ಹೊಡೆಯುತ್ತೆ, ಹಾಕಿಸ್ಕೊಳ್ಳಿ.

ಬಜೆಟ್ ಟೈಟಾ, ಬರೀ ಹೈವೇನಾ, ಡೋಮಿನಾರ್. ಮುಂದೆ ಸ್ಪಿತಿ ಲಡಾಖ್ ಕಡೆ ಹೋಗೋ ಪ್ಲಾನ್ ಇದ್ರೆ ಹಿಮಾಲಯನ್, ಎತ್ತರ ಕಮ್ಮಿ ಇರೋರು ಸೀಟ್ ಮೇಲೆ ಕೂತು ಕಾಲು ನೆಲಕ್ಕೆ ತಾಗುತ್ತಾ ನೋಡಿ. ಹಿಂದೆ ಒಬ್ರು ಕೂತು ಲಗೇಜೂ ಇದ್ರೆ ನಾನಂತೂ ಇಂಟರ್‌ಸೆಪ್ಟರ್ ಅಂತೀನಿ.